ಅಪ್ಪ-ಅಮ್ಮ ಕೈಬಿಟ್ಟಿದ್ದಾರೆ, ಅಕ್ಕನ ಮಗಳ ಕಾಲೇಜಿಗೆ ದುಡ್ಡು ಎಲ್ಲಿಂದ?

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಹದಿನಾರು ವರ್ಷವಾಯಿತು. ಅಕ್ಕ-ಭಾವನೂ ಇದೇ ರಾಜ್ಯದಲ್ಲಿದ್ದಾರೆ. ಭಾವನದು ಸಾಫ್ಟ್‌ವೇರ್ ಕೆಲಸ, ಒಳ್ಳೆಯ ಸಂಬಳ. ಅವರ ಮಗಳು ಇಲ್ಲೇ ಹುಟ್ಟಿದವಳು, ಈಗ 18 ತುಂಬಿದೆ, ಹೈಸ್ಕೂಲಿನ ಕೊನೆಯ ವರ್ಷ. ಕಂಪ್ಯೂಟರ್ ಸೈನ್ಸ್ ಬೇಡ, ನರ್ಸಿಂಗ್ ಓದುತ್ತೇನೆ ಎಂದಳು. ಮಾತಿಗೆ ಮಾತು ಬೆಳೆದು ಡಿಸೆಂಬರಿನಲ್ಲಿ ಒಂದು ರಾತ್ರಿ ಭಾವ ಅವಳನ್ನು ಮನೆಯಿಂದ ಆಚೆ ಹಾಕಿದರು. ಅವತ್ತಿನಿಂದ ನಮ್ಮ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಾಳೆ. ನಮ್ಮದು ಎರಡು ಕೋಣೆಯ ಅಪಾರ್ಟ್‌ಮೆಂಟ್, ನನಗೂ ಇಬ್ಬರು ಮಕ್ಕಳು. ಅಕ್ಕ ಫೋನ್ ಎತ್ತುವುದಿಲ್ಲ. "ಒಂದು ಪೈಸೆ ಕೊಡಲ್ಲ, ಯಾವ ಫಾರ್ಮಿಗೂ ಸಹಿ ಹಾಕಲ್ಲ" ಎಂದು ಭಾವ ಹೇಳಿ ಕಳಿಸಿದ್ದಾರೆ. ನಮ್ಮ ಆದಾಯ ತೋರಿಸಿ ಫ್ಯಾಫ್ಸಾ (ಕಾಲೇಜು ಓದಿಗೆ ಸರ್ಕಾರದ ನೆರವು ಕೋರುವ ಅರ್ಜಿ) ತುಂಬಬಹುದೇ? ನಾವೇ ಗಾರ್ಡಿಯನ್ ಆಗಬಹುದೇ? ರಿಜಿಸ್ಟರ್ ಮದುವೆ ಮಾಡಿಸಿದರೆ ಸರ್ಕಾರದ ದುಡ್ಡು ಸಿಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು, ನಿಜವೇ? ಇಲ್ಲವಾದರೆ ಬ್ಯಾಂಕ್ ಸಾಲಕ್ಕೆ ನಾನು ಜಾಮೀನು ನಿಲ್ಲಲೇ?

ಉತ್ತರ: ಮೊದಲು ಒಂದು ಮಾತು. ಆ ರಾತ್ರಿ ಬಾಗಿಲು ತೆಗೆದಿರಿ. ಹಾಗೆ ಬಾಗಿಲು ತೆಗೆಯುವವರು ಯಾರೂ ಇಲ್ಲದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಕಾಲೇಜೊಂದರ ಫೈನಾನ್ಷಿಯಲ್ ಏಡ್ (ವಿದ್ಯಾರ್ಥಿಗಳ ಹಣಕಾಸು ನೆರವು) ಆಫೀಸಿನಲ್ಲಿ ಹನ್ನೊಂದು ವರ್ಷ ಕೂತವಳು ನಾನು. ಇಂಥ ಮಕ್ಕಳ ಕಡತ ವರ್ಷವೂ ಬರುತ್ತಿತ್ತು, ಅದರಲ್ಲಿ ನಮ್ಮವರ ಮಕ್ಕಳದ್ದೂ ಇರುತ್ತಿತ್ತು.

ನಿಮ್ಮ ನಾಲ್ಕು ಪ್ರಶ್ನೆಗೂ ನನ್ನ ಉತ್ತರ ಒಂದೋ "ಆಗುವುದಿಲ್ಲ", ಇಲ್ಲವೇ "ಬೇಡ". ಅದನ್ನು ಆಮೇಲೆ ವಿವರಿಸುತ್ತೇನೆ. ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನಿಜವಾದ ಪ್ರಶ್ನೆ: ಡಿಸೆಂಬರಿನ ಆ ರಾತ್ರಿ ಏನಾಯಿತು, ಅದಕ್ಕಿಂತ ಮೊದಲು ಮನೆಯಲ್ಲಿ ಏನಾಗುತ್ತಿತ್ತು, ಅದು ನಿಮ್ಮನ್ನು ಬಿಟ್ಟು ಇನ್ನು ಯಾರಿಗೆ ಗೊತ್ತು? ಹುಡುಗಿಯ ಕಾಲೇಜು ನಿಂತಿರುವುದು ಇದರ ಮೇಲೆ.

ಯಾಕೆಂದರೆ ಫೆಡರಲ್ ನಿಯಮ ಹೀಗಿದೆ. 24 ವರ್ಷ ತುಂಬುವ ತನಕ ವಿದ್ಯಾರ್ಥಿಯನ್ನು ಹೆತ್ತವರ ಅವಲಂಬಿತ ಎಂದೇ ಲೆಕ್ಕ ಹಾಕುತ್ತಾರೆ. 2026–27ನೇ ಸಾಲಿಗೆ ಹೇಳುವುದಾದರೆ 2003ರ ಜನವರಿ 1ಕ್ಕಿಂತ ಮೊದಲು ಹುಟ್ಟಿದವರು ಮಾತ್ರ ವಯಸ್ಸಿನ ಬಲದಿಂದ ಸ್ವತಂತ್ರರು. 18ಕ್ಕೆ ಮತ ಹಾಕಬಹುದು, ಸೈನ್ಯ ಸೇರಬಹುದು, ಫ್ಯಾಫ್ಸಾದಲ್ಲಿ ಮಾತ್ರ ಅಪ್ಪ-ಅಮ್ಮನ ಆದಾಯ ತೋರಿಸಲೇಬೇಕು. ಅವರು ದುಡ್ಡು ಕೊಡುವುದಿಲ್ಲ ಎಂದರೂ, ಫಾರ್ಮ್ ಮುಟ್ಟುವುದಿಲ್ಲ ಎಂದರೂ, ತೆರಿಗೆಯಲ್ಲಿ ಮಗಳ ಹೆಸರು ಬಿಟ್ಟರೂ, ಮಗಳು ತಾನೇ ದುಡಿದು ತನ್ನ ಖರ್ಚೆಲ್ಲ ನೋಡಿಕೊಂಡರೂ, ಈ ನಾಲ್ಕರಲ್ಲಿ ಯಾವುದೂ ಅವಳನ್ನು ಸ್ವತಂತ್ರಳನ್ನಾಗಿ ಮಾಡುವುದಿಲ್ಲ. ಆಫೀಸಿಗೆ ಬಂದ ಮಕ್ಕಳಿಗೆ ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಕೊಡಬಲ್ಲ ಹೆತ್ತವರು ಕೊಡದೆ ಸರ್ಕಾರದ ಮೇಲೆ ಹಾಕಬಾರದು ಎಂಬುದು ಕಾನೂನಿನ ತರ್ಕ. ಪೆಟ್ಟು ಬೀಳುವುದು ಮಾತ್ರ ಮಗುವಿಗೆ.

ಆದರೆ ಸಂಬಂಧವೇ ಮುರಿದುಬಿದ್ದಿದ್ದರೆ, ಹೆತ್ತವರ ಹತ್ತಿರ ಹೋಗುವುದೇ ಅಪಾಯವಾಗಿದ್ದರೆ ಅದಕ್ಕೆ ಬೇರೆ ಬಾಗಿಲಿದೆ. ಹೊಡೆತ, ಬೆದರಿಕೆ, ಮನೆಯಿಂದ ಹೊರದೂಡಿ ಕೈತೊಳೆದುಕೊಂಡದ್ದು, ಹೆತ್ತವರು ಜೈಲಿನಲ್ಲಿರುವುದು, ಮಾತುಕತೆ ಪೂರ್ತಿ ಕಡಿದುಹೋಗಿರುವುದು, ಇಂಥವನ್ನು ಅಸಾಧಾರಣ ಪರಿಸ್ಥಿತಿ ಎನ್ನುತ್ತಾರೆ. ಇದು ಇದೆ ಎಂದು ಕಾಲೇಜು ಒಪ್ಪಿದರೆ ಅವಳನ್ನು ಸ್ವತಂತ್ರಳೆಂದು ಬದಲಾಯಿಸುವ ಅಧಿಕಾರ ಆ ಕಾಲೇಜಿಗಿದೆ.

ಈ ಎರಡರ ನಡುವಿನ ಅಂತರ ದುಡ್ಡಿನಲ್ಲಿ ಎಷ್ಟು ಎಂದು ನೋಡಿ. ಬರೀ "ಅಪ್ಪ-ಅಮ್ಮ ಒಪ್ಪುತ್ತಿಲ್ಲ" ಎಂಬ ಸಾಲಿನಲ್ಲಿ ನಿಂತರೆ ಮೊದಲ ವರ್ಷ ಅವಳಿಗೆ ಸಿಗುವುದು ಹೆಚ್ಚೆಂದರೆ 5,500 ಡಾಲರ್, ಅದೂ ಸಾಲ, ಅದೂ ಓದುವಾಗಲೇ ಬಡ್ಡಿ ಏರುವ ಸಾಲ. 2025–26ರ ಬಡ್ಡಿ ಶೇ 6.39 ಇತ್ತು, ಆ ದರದಲ್ಲಿ 5,500ಕ್ಕೆ ವರ್ಷಕ್ಕೆ ಸುಮಾರು 351 ಡಾಲರ್ ಬಡ್ಡಿಯೇ ಆಗುತ್ತದೆ. ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಧನಸಹಾಯ) ಇಲ್ಲ, ವರ್ಕ್-ಸ್ಟಡಿ (ಓದುತ್ತಲೇ ಕೆಲಸ ಮಾಡಿ ಗಳಿಸುವ ನೆರವು) ಇಲ್ಲ. ಸ್ವತಂತ್ರಳೆಂದು ಒಪ್ಪಿದರೆ? ತೆರಿಗೆ ಸಲ್ಲಿಸುವಷ್ಟೂ ಆದಾಯವಿಲ್ಲದ ಹುಡುಗಿಗೆ ಪೂರ್ತಿ ಪೆಲ್ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಅದು 7,395 ಡಾಲರ್, ತೀರಿಸಬೇಕಾಗಿಲ್ಲದ ದುಡ್ಡು. ಅದರ ಮೇಲೆ ಬೇಕಿದ್ದರೆ 9,500 ಡಾಲರ್ ತನಕ ಸಾಲ. ಅದರಲ್ಲಿ 3,500 ತನಕ ಓದು ಮುಗಿಯುವವರೆಗೆ ಬಡ್ಡಿ ಸರ್ಕಾರದ್ದು. ರಾಜ್ಯದ ನೆರವು, ಕಾಲೇಜಿನದೇ ನೆರವು ಕೂಡ ಹೆಚ್ಚಿನಂಶ ಇದೇ ಲೆಕ್ಕವನ್ನು ಹಿಡಿದೇ ಬರುತ್ತದೆ.

ನಿಮ್ಮ ಪತ್ರ ಓದಿದರೆ ಅವಳು ಎರಡನೇ ಸಾಲಿಗೆ ಸೇರಬಹುದು ಎನಿಸುತ್ತದೆ. ಆದರೆ ನೀವು ಬರೆದಿರುವುದು ನಾಲ್ಕು ವಾಕ್ಯ. ಅವಳನ್ನು ಕೂರಿಸಿಕೊಂಡು, ಒತ್ತಾಯ ಮಾಡದೆ ಕೇಳಿ. ಕೈ ಎತ್ತಿದ್ದುಂಟೇ? ಫೋನ್, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದಾರೆಯೇ? ಊರಿಗೆ ಕರೆದುಕೊಂಡು ಹೋಗಿ ಮದುವೆ ಮಾಡುತ್ತೇವೆ ಎಂಬ ಬೆದರಿಕೆ ಇತ್ತೇ? ನಮ್ಮ ಮನೆಗಳಲ್ಲಿ ಇದನ್ನೆಲ್ಲ "ಶಿಸ್ತು" ಎಂದು ನುಂಗಿಕೊಳ್ಳುವ ಅಭ್ಯಾಸವಿದೆ. ಮಕ್ಕಳು ಹೇಳುವುದೇ ಇಲ್ಲ, ಅಪ್ಪ-ಅಮ್ಮನ ಮರ್ಯಾದೆ ಹೋಗುತ್ತದೆ ಎಂದು. ಅದೇ ಹೊತ್ತಿಗೆ ಇದನ್ನೂ ಹೇಳಬೇಕು: ಆಗದೇ ಇದ್ದದ್ದನ್ನು ಒಂದು ಅಕ್ಷರವೂ ಬರೆಯಬೇಡಿ. ಇದ್ದದ್ದನ್ನು ಇದ್ದಂತೆ ಬರೆದರೆ ಸಾಕು.

ಫ್ಯಾಫ್ಸಾದಲ್ಲಿ ಒಂದು ಪ್ರಶ್ನೆ ಬರುತ್ತದೆ: ಅಸಾಧಾರಣ ಪರಿಸ್ಥಿತಿಯಿಂದಾಗಿ ಹೆತ್ತವರನ್ನು ಸಂಪರ್ಕಿಸಲು ಆಗುತ್ತಿಲ್ಲವೇ, ಅಥವಾ ಸಂಪರ್ಕಿಸಿದರೆ ಅಪಾಯವಿದೆಯೇ ಎಂದು. ಅದು ನಿಜವಿದ್ದರೆ "ಹೌದು" ಎಂದು ಗುರುತು ಹಾಕಲಿ. ಆಗ ಹೆತ್ತವರ ಭಾಗ ತುಂಬದೆಯೇ ಫಾರ್ಮ್ ಮುಂದಕ್ಕೆ ಹೋಗುತ್ತದೆ, ಅವಳು ತಾತ್ಕಾಲಿಕವಾಗಿ ಸ್ವತಂತ್ರಳು ಎಂದಾಗುತ್ತದೆ. ಇದಕ್ಕೇ ಹೋಲುವ ಇನ್ನೊಂದು ಪ್ರಶ್ನೆಯೂ ಇದೆ, ಹೆತ್ತವರು ಮಾಹಿತಿ ಕೊಡಲು ಒಪ್ಪುತ್ತಿಲ್ಲ, ಬೇರೆ ಅಸಾಧಾರಣ ಪರಿಸ್ಥಿತಿ ಏನೂ ಇಲ್ಲ ಎನ್ನುವವರಿಗೆ. ಅದಕ್ಕೆ "ಹೌದು" ಎಂದರೆ ಆ 5,500ರ ಸಾಲದ ಸಾಲಿಗೆ ಹೋಗಿ ನಿಲ್ಲುತ್ತಾಳೆ. ಅವಸರದಲ್ಲಿ ತಪ್ಪು ಕಡೆ ಒತ್ತಿ ಇಡೀ ವರ್ಷದ ಪೆಲ್ ಕಳೆದುಕೊಳ್ಳುವ ಹಂತಕ್ಕೆ ಬಂದ ಹುಡುಗನೊಬ್ಬನ ಫಾರ್ಮನ್ನು ನಾನೇ ಕೂತು ತಿದ್ದಿಸಿದ್ದೇನೆ. ಈ ಎರಡು ಪರದೆಗಳನ್ನು ನಿಧಾನವಾಗಿ, ಎರಡೆರಡು ಸಲ ಓದಿ.

ಫಾರ್ಮ್ ಸಲ್ಲಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ, ಅರ್ಧ ಆಯಿತು ಅಷ್ಟೇ. ಅವಳು ಅರ್ಜಿ ಹಾಕಿರುವ ಒಂದೊಂದು ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೂ ಫೋನ್ ಮಾಡಿ, "ಡಿಪೆಂಡೆನ್ಸಿ ಓವರ್‌ರೈಡ್‌ಗೆ ಏನೇನು ಕಾಗದ ಬೇಕು" ಎಂದು ಅದೇ ಪದದಲ್ಲಿ ಕೇಳಬೇಕು. ಅವಲಂಬಿತಳು ಎಂಬುದನ್ನು ಸ್ವತಂತ್ರಳು ಎಂದು ಕಾಲೇಜು ಬದಲಾಯಿಸುವುದಕ್ಕೆ ಇರುವ ಹೆಸರು ಅದು. ಫೋನ್ ಎತ್ತಿದವರು "ಅಪ್ಪ-ಅಮ್ಮನ ಸಹಿ ಇಲ್ಲದೆ ಆಗುವುದಿಲ್ಲ" ಎಂದು ಸಾಗಹಾಕಿದರೆ ಅಲ್ಲಿಗೆ ಬಿಡಬೇಡಿ. ಇಂಥ ಕೋರಿಕೆಗಳನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವ ನೀತಿಯನ್ನು ಯಾವ ಕಾಲೇಜೂ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಕೌಂಟರಿನವರನ್ನು ಬಿಟ್ಟು ಕೌನ್ಸೆಲರ್ ಒಬ್ಬರ ಹತ್ತಿರ ಸಮಯ ಕೇಳಿ. ನಿರ್ಧಾರ ಮಾಡುವುದು ಕಾಲೇಜೇ. ಅದರ ಮೇಲೆ ಶಿಕ್ಷಣ ಇಲಾಖೆಗೆ ಮೇಲ್ಮನವಿ ಹೋಗುವುದಿಲ್ಲ. ಹಾಗೆಂದು ಒಂದು ಕಾಲೇಜು ಇಲ್ಲ ಎಂದದ್ದು ಇನ್ನೊಂದಕ್ಕೆ ಅನ್ವಯಿಸಬೇಕೆಂದೂ ಇಲ್ಲ. ಎರಡು-ಮೂರು ಕಡೆ ಅರ್ಜಿ ಇರಲಿ ಎನ್ನುವುದು ಇದಕ್ಕೇ. ಒಮ್ಮೆ ಒಪ್ಪಿದರೆ, ಅದೇ ಕಾಲೇಜಿನಲ್ಲಿ ಮುಂದಿನ ವರ್ಷಗಳಿಗೂ, ಪರಿಸ್ಥಿತಿ ಬದಲಾಗಿದೆ ಎಂಬ ಮಾಹಿತಿ ಬರದ ಹೊರತು, ಅದೇ ಮುಂದುವರಿಯುತ್ತದೆ.

ಇನ್ನು ಕಾಗದ. ಹೆಚ್ಚು ಜನ ಎಡವುವುದು ಇಲ್ಲೇ. ಅವಳ ಸ್ವಂತ ಪತ್ರದ ಜೊತೆಗೆ ಮನೆಯವರಲ್ಲದ, ವಿಷಯ ಬಲ್ಲ ಒಬ್ಬರು ಬರೆದ ಪತ್ರ ಬೇಕು: ಶಾಲೆಯ ಕೌನ್ಸೆಲರ್, ಟೀಚರ್, ಸೋಷಿಯಲ್ ವರ್ಕರ್, ವಕೀಲರು, ಧಾರ್ಮಿಕ ಗುರುಗಳು. ಪೊಲೀಸ್ ಅಥವಾ ಕೋರ್ಟ್ ಕಾಗದವಿದ್ದರೆ ಇನ್ನೂ ಗಟ್ಟಿ. ನಿಮ್ಮ ಪತ್ರವೂ ಇರಲಿ, ಆದರೆ ಚಿಕ್ಕಮ್ಮನ ಪತ್ರ ಒಂದೇ ಸಾಲದು. ಹೆತ್ತವರಿಂದ ಬೇರೆ ಇದ್ದಾಳೆ ಎಂದು ತೋರಿಸುವ ಆರೋಗ್ಯ ವಿಮೆ, ಫೋನ್ ಬಿಲ್‌ನಂಥ ಕಾಗದಗಳೂ ನೆರವಾಗುತ್ತವೆ.

ಒಮ್ಮೆ ಒಬ್ಬ ಹುಡುಗಿ ದಿನಸಿ ತರುವ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದಳು. ಮೇಲಿದ್ದದ್ದು ಅವಳ ಟೀಚರ್ ಬರೆದ ಪತ್ರ: "ಇವಳು ಬಹಳ ಪ್ರತಿಭಾವಂತೆ. ಮನೆಯ ಪರಿಸ್ಥಿತಿ ಕಷ್ಟದ್ದು. ದಯವಿಟ್ಟು ಸಹಾಯ ಮಾಡಿ." ಪ್ರೀತಿಯಿಂದ ಬರೆದ ಪತ್ರ, ಆದರೆ ಅದನ್ನು ಹಿಡಿದುಕೊಂಡು ನಾನು ಏನೂ ಮಾಡುವಂತಿರಲಿಲ್ಲ. ಅವಳನ್ನು ಮತ್ತೆ ಕಳಿಸಿದೆ. ಎರಡನೇ ಸಲ ತಂದ ಪತ್ರದಲ್ಲಿ ಹೀಗಿತ್ತು: "ಅಕ್ಟೋಬರ್ 9ರಂದು ಬೆಳಿಗ್ಗೆ ಇವಳು ಹಿಂದಿನ ದಿನದ ಬಟ್ಟೆಯಲ್ಲೇ ತರಗತಿಗೆ ಬಂದಳು. ಕಾರಿನಲ್ಲಿ ಮಲಗಿದ್ದೆ ಎಂದಳು. ತಾಯಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರು 'ಅವಳು ನಮಗೆ ಬೇಡ' ಎಂದು ಇಟ್ಟುಬಿಟ್ಟರು. ಅಲ್ಲಿಂದ ಈಚೆ ಇವಳು ಸಹಪಾಠಿಯ ಮನೆಯಲ್ಲಿದ್ದಾಳೆ." ತಾರೀಖು, ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಆ ಕಡತಕ್ಕೆ ನಾನು ಅವತ್ತೇ ಒಪ್ಪಿಗೆ ಬರೆದೆ.

ಹಾಗಾಗಿ ಅವಳು ಈಗಲೇ ಒಂದು ನೋಟ್‌ಬುಕ್ ಹಿಡಿಯಲಿ. ಯಾವ ದಿನ ಏನಾಯಿತು, ಅವತ್ತು ಯಾರಿಗೆ ಹೇಳಿದಳು, ಭಾವ "ಸಹಿ ಹಾಕಲ್ಲ" ಎಂದು ಯಾರ ಮೂಲಕ ಹೇಳಿ ಕಳಿಸಿದರು. ವಾಟ್ಸ್ಆ್ಯಪ್ ಸಂದೇಶಗಳಿದ್ದರೆ ಅಳಿಸಬೇಡಿ, ತೆಗೆದಿಟ್ಟುಕೊಳ್ಳಿ. ಕನ್ನಡದಲ್ಲಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಬರೆದಿಡಿ.

ಅದಕ್ಕೂ ಮೊದಲೇ ನೋಡಬೇಕಾದ ಇನ್ನೊಂದು ಬಾಗಿಲಿದೆ. ಸೋಫಾದ ಮೇಲೆ ಮಲಗುತ್ತಿದ್ದಾಳೆ ಎಂದು ನೀವು ಸುಮ್ಮನೆ ಬರೆದುಹೋಗಿದ್ದೀರಿ. ನಮ್ಮವರ ಮನೆಯಲ್ಲೇ ಇದ್ದಾಳಲ್ಲ, ಅವಳು ಮನೆಯಿಲ್ಲದವಳು ಹೇಗಾಗುತ್ತಾಳೆ ಎಂದು ನಮಗೆ ಅನಿಸುತ್ತದೆ. ಆ ಪದವೇ ನಮ್ಮ ಬಾಯಲ್ಲಿ ಬರುವುದಿಲ್ಲ. ಮನೆಯಿಲ್ಲದ ಮಕ್ಕಳಿಗಾಗಿ ಇರುವ ಅಮೆರಿಕದ ಮಕಿನ್ನಿ-ವೆಂಟೋ ಕಾಯ್ದೆ ಹಾಗೆ ನೋಡುವುದಿಲ್ಲ. ಇರಲು ಬೇರೆ ಜಾಗವಿಲ್ಲದೆ ಇನ್ನೊಬ್ಬರ ಮನೆಯಲ್ಲಿ ತಾತ್ಕಾಲಿಕವಾಗಿ ತಂಗಿರುವುದೂ, ಹೆತ್ತವರು ಜೊತೆಗಿಲ್ಲದಿದ್ದರೆ, ಅದರ ಲೆಕ್ಕಕ್ಕೆ ಬರಬಹುದು. ಪ್ರತಿಯೊಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲೂ ಇದಕ್ಕೆಂದೇ ಲಿಯೇಜಾನ್ ಎಂಬ ಅಧಿಕಾರಿ ಇರಬೇಕು. ಅವರು ಒಂದು ಪುಟದ ಪತ್ರ ಕೊಟ್ಟರೆ ಸಾಕು, ಫ್ಯಾಫ್ಸಾದಲ್ಲಿ ಅವಳು ನೇರವಾಗಿ ಸ್ವತಂತ್ರಳು, ಓವರ್‌ರೈಡ್ ಕೇಳುವ ಪ್ರಮೇಯವೇ ಇಲ್ಲ. 2026–27ರ ಫಾರ್ಮಿಗೆ 2025ರ ಜುಲೈ 1ರಿಂದ ಈಚಿನ ಪರಿಸ್ಥಿತಿಯನ್ನು ನೋಡುತ್ತಾರೆ, ಆದ್ದರಿಂದ ಡಿಸೆಂಬರ್ ಅದರೊಳಗೇ ಬರುತ್ತದೆ. ಲಿಯೇಜಾನ್ ಸಿಗದಿದ್ದರೆ ಕಾಲೇಜಿನ ಏಡ್ ಆಫೀಸೇ ಇದನ್ನು ಪರಿಶೀಲಿಸಬೇಕು. ಅವರು ನೋಡಬೇಕಾದ್ದು ಅವಳಿಗೆ ನೆಲೆ ಇದೆಯೇ ಇಲ್ಲವೇ ಎಂಬುದನ್ನು. ಯಾಕೆ ಮನೆ ಬಿಟ್ಟಳು, ತಪ್ಪು ಯಾರದು ಎಂಬುದನ್ನು ತೂಗುವಂತಿಲ್ಲ. ನರ್ಸಿಂಗೋ ಕಂಪ್ಯೂಟರೋ ಎಂಬ ಜಗಳ ಅಲ್ಲಿ ಬರುವುದೇ ಇಲ್ಲ. ಆದರೆ ನೀವು ಅವಳಿಗೆ "ಎಷ್ಟು ವರ್ಷ ಬೇಕಾದರೂ ಇರು" ಎಂದು ಒಂದು ಕೋಣೆ ಕೊಟ್ಟುಬಿಟ್ಟಿದ್ದರೆ ಇದು ಅನ್ವಯಿಸುವುದು ಕಷ್ಟ. ನಿಮ್ಮ ಮನೆಯ ಸ್ಥಿತಿ ಹೇಗಿದೆಯೋ ಹಾಗೇ ಲಿಯೇಜಾನ್‌ಗೆ ಹೇಳಿ, ತೀರ್ಮಾನ ಅವರದ್ದು.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ನಿಮ್ಮ ಆದಾಯ ತೋರಿಸುವಂತಿಲ್ಲ. ಕಾನೂನುಬದ್ಧವಾಗಿ ದತ್ತು ತೆಗೆದುಕೊಂಡಿರದಿದ್ದರೆ ಚಿಕ್ಕಮ್ಮ, ಅಜ್ಜಿ, ಸೋದರಮಾವ ಯಾರೂ ಫ್ಯಾಫ್ಸಾದ ಲೆಕ್ಕದಲ್ಲಿ ಪೋಷಕರಲ್ಲ. ಹೆತ್ತವರ ಜಾಗದಲ್ಲಿ ನಿಮ್ಮ ಹೆಸರು ಹಾಕಿದರೆ ಅದು ಸುಳ್ಳು ಮಾಹಿತಿ. ಕೋರ್ಟಿನ ಮೂಲಕ ಆದ ಗಾರ್ಡಿಯನ್‌ಶಿಪ್ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ಅವಳು ಪ್ರಾಯಕ್ಕೆ ಬರುವ ಮೊದಲೇ ಆಗಿರಬೇಕಿತ್ತು. 18 ತುಂಬಿದ ಮೇಲೆ ಆ ದಾರಿ ಸಾಮಾನ್ಯವಾಗಿ ಮುಚ್ಚಿದಂತೆಯೇ.

ಮದುವೆಯಾದವರು ಸ್ವತಂತ್ರರು ಎಂಬುದು ನಿಜ. ನಿಮ್ಮ ಪರಿಚಯದವರು ಅಷ್ಟು ತಿಳಿದುಕೊಂಡಿದ್ದಾರೆ. ಆದರೆ 18ರ ಹುಡುಗಿಯನ್ನು ಫೀಸಿಗಾಗಿ ಮದುವೆಗೆ ಕೂರಿಸುವುದೆಂದರೆ, ಯಾವ ಒತ್ತಾಯದಿಂದ ತಪ್ಪಿಸಿಕೊಂಡು ನಿಮ್ಮ ಮನೆಗೆ ಬಂದಳೋ ಅದಕ್ಕೇ ಮತ್ತೆ ತಳ್ಳಿದಂತೆ. ಗಂಡನ ಆದಾಯವೂ ಲೆಕ್ಕಕ್ಕೆ ಸೇರುತ್ತದೆ. ದಯವಿಟ್ಟು ಆ ಮಾತನ್ನು ಅವಳ ಕಿವಿಗೂ ಹಾಕಬೇಡಿ.

ಜಾಮೀನಿನ ವಿಷಯ. ಕ್ರೆಡಿಟ್ ಇತಿಹಾಸವೇ ಇಲ್ಲದ 18ರ ಹುಡುಗಿಗೆ ಖಾಸಗಿ ಬ್ಯಾಂಕು ಒಬ್ಬಳಿಗೇ ಸಾಲ ಕೊಡುವುದು ಕಡಿಮೆ, ಆದ್ದರಿಂದಲೇ ಕೋ-ಸೈನರ್ ಕೇಳುತ್ತಾರೆ. ಸಹಿ ಹಾಕಿದರೆ ನೀವು ಸಾಕ್ಷಿಯಲ್ಲ, ಸಾಲಗಾರರೇ. ಅವಳು ಒಂದು ಕಂತು ತಪ್ಪಿಸಿದರೂ ನಿಮ್ಮ ಕ್ರೆಡಿಟ್‌ಗೆ ಪೆಟ್ಟು. ಫೆಡರಲ್ ಸಾಲಕ್ಕೆ ಜಾಮೀನು ಬೇಡ, ತೀರಿಸಲು ಕಷ್ಟವಾದರೆ ಆದಾಯಕ್ಕೆ ತಕ್ಕಂತೆ ಕಂತು ಇಳಿಸುವ ವ್ಯವಸ್ಥೆಯಿದೆ. ಆ ಬಾಗಿಲುಗಳನ್ನೆಲ್ಲ ತಟ್ಟಿ ಮುಗಿಸುವ ತನಕ ಖಾಸಗಿ ಸಾಲದ ಹೆಸರೆತ್ತಬೇಡಿ. ನೀವು ಸಹಾಯ ಮಾಡಲೇಬೇಕು ಎಂದಿದ್ದರೆ ನಿಮ್ಮ ಕೈಲಾದಷ್ಟು ಟ್ಯೂಷನ್ ಫೀಸನ್ನು ಕಾಲೇಜಿಗೇ ನೇರವಾಗಿ ಕಟ್ಟಿ. ಹಾಗೆ ಕಟ್ಟಿದ ಟ್ಯೂಷನ್ ದುಡ್ಡು ಗಿಫ್ಟ್ ತೆರಿಗೆಯ ಲೆಕ್ಕಕ್ಕೂ ಬರುವುದಿಲ್ಲ.

ಅಕ್ಕ-ಭಾವನ ಮನವೊಲಿಸಿ ಫಾರ್ಮ್ ತುಂಬಿಸೋಣ ಎಂದು ನಿಮಗೆ ಅನಿಸಬಹುದು. ಬೇರೆಯವರು ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ, ಏಕೆಂದರೆ ಫ್ಯಾಫ್ಸಾ ತುಂಬಿದ ಮಾತ್ರಕ್ಕೆ ಫೀಸು ಕಟ್ಟುವ ಹೊಣೆ ಹೆತ್ತವರ ಮೇಲೆ ಬೀಳುವುದಿಲ್ಲ, ಅದು ಗೊತ್ತಿಲ್ಲದೆ ಹಿಂದೆ ಸರಿಯುವವರು ಎಷ್ಟೋ ಮಂದಿ. ಆದರೆ ನಿಮ್ಮ ಭಾವನ ಸಂಬಳ ದೊಡ್ಡದು ಎನ್ನುತ್ತೀರಿ. ಅವರು ತುಂಬಿದರೂ ಪೆಲ್ ಬರುವುದಿಲ್ಲ, ಸಿಗುವುದು ಬಹುತೇಕ ಅದೇ 5,500ರ ಸಾಲ. ಅದಕ್ಕಾಗಿ ಅವಳನ್ನು ಮತ್ತೆ ಆ ಹೊಸ್ತಿಲಿಗೆ ಕಳಿಸಬೇಡಿ. ಸಂಬಂಧ ಸರಿಹೋಗಲಿ ಎಂಬ ಆಸೆಯಿದ್ದರೆ ಅದು ಬೇರೆ ಮಾತು, ಅದಕ್ಕೆ ಫಾರ್ಮನ್ನು ನೆಪ ಮಾಡುವುದು ಬೇಡ.

ಒಂದನ್ನು ಮಾತ್ರ ಅವಳ ಮನೆಯ ಕಡೆಯಿಂದ ವಿಚಾರಿಸಿ: ಅವಳ ಹೆಸರಿನಲ್ಲಿ ಚಿಕ್ಕಂದಿನಲ್ಲಿ ತೆರೆದ ಖಾತೆ ಏನಾದರೂ ಇದೆಯೇ? ಕಾಲೇಜಿಗೆಂದು ಉಳಿಸುವ 529 ಖಾತೆಯಾಗಿದ್ದರೆ ಅದರ ಒಡೆಯರು ತೆರೆದವರೇ, ಅವಳು ಕೇಳುವಂತಿಲ್ಲ. ಉಟ್ಮಾ ಎಂಬ ಬಗೆಯ ಖಾತೆಯಾಗಿದ್ದರೆ ಅದರ ದುಡ್ಡು ಅವಳದೇ. ರಾಜ್ಯದ ನಿಯಮದಂತೆ, ಸಾಮಾನ್ಯವಾಗಿ 18ಕ್ಕೋ 21ಕ್ಕೋ, ಅವಳ ಕೈಗೆ ಬರಲೇಬೇಕು.

ಯಾವ ಕಾಲೇಜೂ ಒಪ್ಪದೆ ಹೋದರೆ? ಆಗಲೂ ನರ್ಸಿಂಗ್ ಕೈತಪ್ಪುವುದಿಲ್ಲ. ಈ ಹುಡುಗಿ ಆರಿಸಿಕೊಂಡ ಓದು ಕಡಿಮೆ ಖರ್ಚಿನ ದಾರಿಯಿರುವಂಥದ್ದು. ಕಮ್ಯೂನಿಟಿ ಕಾಲೇಜಿನಲ್ಲಿ ನರ್ಸಿಂಗ್ ಅಸೋಸಿಯೇಟ್ ಎಂಬ ಕಿರು ಪದವಿ ಇದೆ. ಮುಗಿಸಿ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದರೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಪರವಾನಗಿ, ನಾಲ್ಕು ವರ್ಷ ಓದಿದವರಿಗೆ ಸಿಗುವ ಅದೇ ಪರವಾನಗಿ. ಸ್ಥಳೀಯರಿಗೆ ಕಮ್ಯೂನಿಟಿ ಕಾಲೇಜಿನ ಟ್ಯೂಷನ್ ದೇಶದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 4,000 ಡಾಲರ್. ಆ 5,500ರ ಸಾಲ ಅಲ್ಲಿ ಫೀಸಿಗೆ ಸಾಕಾಗುತ್ತದೆ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಯಂಥ ಪೂರ್ವ ತರಗತಿಗಳಲ್ಲಿ ಒಳ್ಳೆಯ ಅಂಕ ಬರಬೇಕು, ಏಕೆಂದರೆ ನರ್ಸಿಂಗ್ ಸೀಟಿಗೆ ಪೈಪೋಟಿ ಜೋರು. ಸೇರುವ ಮುನ್ನ ಎರಡು ವಿಚಾರಿಸಿ: ಆ ಕಾಲೇಜು ಫೆಡರಲ್ ಸಾಲ ಕೊಡುತ್ತದೆಯೇ (ಕೆಲವು ಕೊಡುವುದಿಲ್ಲ), ಕಂತಿನಲ್ಲಿ ಫೀಸು ಕಟ್ಟಬಹುದೇ. ಅರ್ಧ ಹೊತ್ತಿಗಿಂತ ಕಡಿಮೆ ತರಗತಿ ತೆಗೆದುಕೊಂಡರೆ ಸಾಲ ಇಲ್ಲ. 2026ರ ಜುಲೈ 1ರಿಂದ ಪೂರ್ಣ ಹೊತ್ತಿಗಿಂತ ಕಡಿಮೆ ಓದುವವರಿಗೆ ಸಾಲದ ಮಿತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆರ್‌ಎನ್ ಆಗಿ ಕೆಲಸಕ್ಕೆ ಸೇರಿದ ಮೇಲೆ ಬ್ಯಾಚುಲರ್ ಪದವಿಗೆ ಎಷ್ಟೋ ಆಸ್ಪತ್ರೆಗಳು ತಾವೇ ದುಡ್ಡು ಕೊಡುತ್ತವೆ. ಉದ್ಯೋಗದಾತರು ಹಾಗೆ ಕೊಡುವ ವರ್ಷಕ್ಕೆ 5,250 ಡಾಲರ್ ತನಕದ ನೆರವಿಗೆ ಅವಳು ತೆರಿಗೆ ಕಟ್ಟಬೇಕಾಗಿಲ್ಲ.

ಒಂದು ವರ್ಷ ತಡೆದು ಹೋಗುತ್ತೇನೆ ಎಂದರೆ ಅಮೆರಿಕಾರ್ಪ್ಸ್ ಎಂಬ ಸರ್ಕಾರದ ಸಮಾಜಸೇವಾ ಕಾರ್ಯಕ್ರಮ ಇದೆ. 1,700 ಗಂಟೆಯ ಪೂರ್ಣಾವಧಿ ಸೇವೆ ಮುಗಿಸಿದರೆ ಆ ವರ್ಷದ ಗರಿಷ್ಠ ಪೆಲ್‌ನಷ್ಟೇ ದುಡ್ಡು ಓದಿಗೆ ಸಿಗುತ್ತದೆ, ಅಲ್ಲಿ ಅಪ್ಪನ ಸಂಬಳ ಯಾರೂ ಕೇಳುವುದಿಲ್ಲ. ಅಂಕ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗಳೂ ಹಾಗೇ. ಸೈನ್ಯಕ್ಕೆ ಸೇರಿದರೆ ಓದು ಉಚಿತ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜ, ಆದರೆ ಅವಳಿಗೆ ಮನಸ್ಸಿದ್ದರೆ ಮಾತ್ರ, ಫೀಸಿನ ಕಷ್ಟಕ್ಕೆ ಹೆದರಿ ಅಲ್ಲ.

ಈ ವಾರ ಆಗಬೇಕಾದದ್ದು ಹೆಚ್ಚೇನಿಲ್ಲ. ಅವಳು ಸ್ಟೂಡೆಂಟ್ ಏಡ್ ಡಾಟ್ ಗವ್‌ನಲ್ಲಿ ತನ್ನದೇ ಫೋನ್ ನಂಬರ್, ಅಪ್ಪ-ಅಮ್ಮನಿಗೆ ಗೊತ್ತಿಲ್ಲದ ತನ್ನದೇ ಇಮೇಲ್ ಕೊಟ್ಟು ಖಾತೆ ತೆರೆಯಲಿ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಜನನ ಪತ್ರ ಅವರ ಬಳಿಯೇ ಉಳಿದಿದ್ದರೆ ಜಗಳಕ್ಕೆ ಹೋಗಬೇಡಿ, 18 ತುಂಬಿದವಳು ತಾನೇ ಅರ್ಜಿ ಹಾಕಿ ಹೊಸ ಪ್ರತಿ ತರಿಸಿಕೊಳ್ಳಬಹುದು. ನಾಳೆ ಬೆಳಿಗ್ಗೆ ಶಾಲೆಯಲ್ಲಿ ಮೊದಲ ಬೆಲ್ ಆಗುವ ಮುಂಚೆ ಕೌನ್ಸೆಲರ್ ಕೋಣೆಗೆ ಹೋಗಿ, "ಮಕಿನ್ನಿ-ವೆಂಟೋ ಲಿಯೇಜಾನ್ ಯಾರು, ನಾನು ಅವರನ್ನು ಕಾಣಬೇಕು" ಎಂದು ಕೇಳಲಿ. ಮೊದಲ ಸಲ ಆ ಮಾತು ಬಾಯಿಂದ ಹೊರಡುವುದು ಕಷ್ಟ, ನೀವೂ ಜೊತೆಗೆ ಹೋಗಿ. ಜೂನ್ ಬಂದು ಶಾಲೆ ಮುಚ್ಚಿದರೆ ಆ ಪತ್ರ ಬರೆಯಬೇಕಾದವರು ರಜೆಯ ಮೇಲಿರುತ್ತಾರೆ.